ಬಳ್ಳಾರಿ ಬಿಸಿಲಿಗೆ ಹಳೇ ಟರ್ಬೊ ಕಾರು ತಡೆಯುತ್ತಾ?

ಬಳ್ಳಾರಿಯಲ್ಲಿ ಸೆಕೆಂಡ್ ಹ್ಯಾಂಡ್ ಕಾರಿನ ಮಾತು ಬಂದರೆ ಮೂರೇ ಪ್ರಶ್ನೆ. ಮೈಲೇಜ್ ಎಷ್ಟು? ಸಾಮಾನು ಸಿಗುತ್ತಾ? ನಾಳೆ ಮಾರಿದರೆ ಎಷ್ಟು ಬರುತ್ತೆ? ಮೂರರಲ್ಲೂ ಫೇಲಾದ ಕಾರನ್ನು ಯಾರೂ ಮುಟ್ಟುವುದಿಲ್ಲ. ಯಾರೂ ಮುಟ್ಟದ ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಗುತ್ತದೆ. ಹಾಗೆ ಇಳಿದವುಗಳಲ್ಲಿ ಕೆಲವು ಓಡಿಸಲು ಭಾರಿ ಮಜಾ ಕೊಡುವ ಗಾಡಿಗಳು. ಫೋರ್ಡ್ ಫಿಯೆಸ್ಟಾ 1.6, ಮಿತ್ಸುಬಿಷಿ ಸೀಡಿಯಾ, ಸ್ಕೋಡಾ ಲಾರಾದ 1.8 ಟರ್ಬೊ ಪೆಟ್ರೋಲ್, ಮತ್ತೆ ನನಗೆ ಎಲ್ಲಕ್ಕಿಂತ ಇಷ್ಟವಾದ ಫಿಯೆಟ್ ಲೀನಿಯಾ ಟಿ-ಜೆಟ್.

ಇಲ್ಲಿ ಟಿ-ಜೆಟ್ಟನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಲೀನಿಯಾ ನಮ್ಮಲ್ಲಿ ಬಂದದ್ದು 2009ರಲ್ಲಿ. ಮರುವರ್ಷ ಅದಕ್ಕೆ 1.4 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಅಂದರೆ ಗಾಳಿಯನ್ನು ಒತ್ತಿ ತುಂಬಿಸಿಕೊಳ್ಳುವ ಎಂಜಿನ್, ಹಾಕಿ ಟಿ-ಜೆಟ್ ಅಂತ ಬಿಟ್ಟರು. 114 ಅಶ್ವಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, 16 ಇಂಚಿನ ಚಕ್ರ. ಮಾರಾಟ ಮಾತ್ರ ಅಷ್ಟಕ್ಕಷ್ಟೆ. ಈಗ ಹೆಚ್ಚು ಕಡಿಮೆ ಒಂದು ಹೊಸ ಬುಲೆಟ್ ಬೈಕಿನ ದುಡ್ಡಿಗೆ ಹಳೇ ಟಿ-ಜೆಟ್ ಕೈಗೆ ಬರುತ್ತದೆ. ನಮ್ಮ ಕಡೆಯ ಮೆಕ್ಯಾನಿಕ್ ಒಬ್ಬರು ಇದರ ಬಗ್ಗೆ ಹೇಳುವುದು ಒಂದೇ ಮಾತು: "ಗಾಡಿ ಬೆಂಕಿ ಐತ್ರಿ ಸರ, ಆದ್ರ ಸಾಮಾನು ಸಿಗಂಗಿಲ್ಲ."

ಬೆಲೆ ಇಷ್ಟು ಬಿದ್ದಿರುವುದು ಕಾರು ಕೆಟ್ಟದ್ದು ಅಂತಲ್ಲ, ಜನರಿಗೆ ಭಯ ಅಂತ. ಆ ಭಯದಲ್ಲಿ ಸುಳ್ಳೂ ಇದೆ, ನಿಜವೂ ಇದೆ. ಎರಡನ್ನೂ ಬಿಡಿಸಿ ನೋಡದೆ ದುಡ್ಡು ಕೊಡಬಾರದು.

ಮೊದಲು ಆ ಮಜಾ ಎಲ್ಲಿಂದ ಬರುತ್ತದೆ ನೋಡೋಣ. ಅದೇ ಕಾಲದ ಹೋಂಡಾ ಸಿಟಿಗೆ 118 ಅಶ್ವಶಕ್ತಿ. ಅಂದರೆ ಟಿ-ಜೆಟ್‌ಗಿಂತ ಜಾಸ್ತಿ. ಆದರೆ ಸಿಟಿಯ ಟಾರ್ಕ್ 146 ನ್ಯೂಟನ್ ಮೀಟರ್, ಅದೂ ಎಂಜಿನ್ ನಿಮಿಷಕ್ಕೆ 4,800 ಸುತ್ತಿಗೆ ಹೋದ ಮೇಲೆ. ಟಿ-ಜೆಟ್‌ದು 207, ಅದೂ 2,200 ಸುತ್ತಿಗೇ. ಟಾರ್ಕ್ ಅಂದರೆ ಎಂಜಿನ್ ಚಕ್ರವನ್ನು ತಿರುಚುವ ಬಲ. ಅಶ್ವಶಕ್ತಿ ಅಂದರೆ ಆ ಬಲ ಮತ್ತು ಎಂಜಿನ್ ಸುತ್ತುವ ವೇಗ, ಎರಡರ ಗುಣಾಕಾರ. ಲೆಕ್ಕ ಹಾಕಿದರೆ ಟಿ-ಜೆಟ್ 2,200 ಸುತ್ತಿನಲ್ಲೇ ಸುಮಾರು 65 ಅಶ್ವಶಕ್ತಿ ಕೊಡುತ್ತಿರುತ್ತದೆ. ಸಿಟಿಯ ಟರ್ಬೊ ಇಲ್ಲದ 1.5 ಲೀಟರ್ ಎಂಜಿನ್ ಆ ಹೊತ್ತಿಗೆ ಇನ್ನೂ ಅಷ್ಟು ಬಲಕ್ಕೆ ಬಂದಿರುವುದಿಲ್ಲ.

ಹಾಳೆಯ ಮೇಲಿನ ಈ ಲೆಕ್ಕ ರಸ್ತೆಯಲ್ಲಿ ಗೊತ್ತಾಗುವುದು ತೋರಣಗಲ್ಲಿನ ಹತ್ತಿರ ಅದಿರು ಲಾರಿಯ ಹಿಂದೆ ಸಿಕ್ಕಿಹಾಕಿಕೊಂಡಾಗ. ಲಾರಿ ನಿಧಾನಕ್ಕೆ ಹೋಗುತ್ತಿದೆ, ಮುಂದೆ ಸ್ವಲ್ಪ ದಾರಿ ಖಾಲಿ ಇದೆ. ಸಾಮಾನ್ಯ ಪೆಟ್ರೋಲ್ ಕಾರಿನಲ್ಲಿ ಎರಡು ಗೇರ್ ಇಳಿಸಿ, ಎಂಜಿನ್ ಕೂಗಿಸಿ ಹೋಗಬೇಕು. ಟಿ-ಜೆಟ್‌ನಲ್ಲಿ ಒಂದು ಗೇರ್ ಇಳಿಸಿ ಕಾಲು ಒತ್ತಿದರೆ ಸಾಕು. ಒಂದು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ಬೆನ್ನನ್ನು ಸೀಟಿಗೆ ಒತ್ತಿ ತಳ್ಳುತ್ತದೆ. ಆ ಒಂದು ಕ್ಷಣದ ತಡಕ್ಕೇ ಟರ್ಬೊ ಲ್ಯಾಗ್ ಅನ್ನುವುದು. ಅದಕ್ಕೇ ರಾಯಲ್ ಸರ್ಕಲ್ ಟ್ರಾಫಿಕ್ಕಿನಲ್ಲಿ ಟೆಸ್ಟ್ ಡ್ರೈವ್ ಮಾಡಿದವರು "ಇದೇನು ಸಪ್ಪೆ ಗಾಡಿ" ಅಂತ ಇಳಿದು ಹೋಗುತ್ತಾರೆ. ಎರಡು ಸಾವಿರ ಸುತ್ತಿನ ಕೆಳಗೆ ಇದು ನಿಜಕ್ಕೂ ಸಪ್ಪೆಯೇ. ಊರೊಳಗೇ ಓಡಿಸುವವರು ಇದನ್ನು ತಗೋಬೇಡಿ.

ಈಗ ಮೈಲೇಜ್. ಈ ಭಯವನ್ನು ಲೆಕ್ಕ ಹಾಕಿಯೇ ಬಿಡಿಸಬೇಕು. ಟಿ-ಜೆಟ್ ಲೀಟರಿಗೆ 11 ಕಿ.ಮೀ. ಕೊಡುತ್ತದೆ ಅಂದುಕೊಳ್ಳಿ, ಹೊಸ ಸಣ್ಣ ಕಾರು 17 ಕೊಡುತ್ತದೆ ಅಂದುಕೊಳ್ಳಿ. ವರ್ಷಕ್ಕೆ 10,000 ಕಿ.ಮೀ. ಓಡಿಸಿದರೆ ಸುಮಾರು 320 ಲೀಟರ್ ಜಾಸ್ತಿ ಸುಡುತ್ತೀರಿ. ಲೀಟರಿಗೆ 100 ರೂಪಾಯಿ ಹಿಡಿದರೂ ವರ್ಷಕ್ಕೆ 32,000. ಜಾಸ್ತಿಯೇ. ಆದರೆ ಹೊಸ ಕಾರು ಸುಮ್ನೆ ಮನೆ ಮುಂದೆ ನಿಂತರೂ ಎಷ್ಟು ಕಳೆದುಕೊಳ್ಳುತ್ತದೆ ಗೊತ್ತಾ? ಇನ್ಶೂರೆನ್ಸ್ ಕಂಪನಿಗಳು ಕಾರಿನ ಬೆಲೆ ಕಟ್ಟುವ ಪಟ್ಟಿಯನ್ನೇ ನೋಡಿ. ಆರು ತಿಂಗಳು ದಾಟಿದರೆ 15 ಪರ್ಸೆಂಟ್ ಕಡಿತ, ನಾಲ್ಕು ವರ್ಷ ದಾಟಿದರೆ 50 ಪರ್ಸೆಂಟ್. ಹತ್ತು ಲಕ್ಷದ ಕಾರು ಐದು ವರ್ಷಕ್ಕೆ ಐದು ಲಕ್ಷ. ಅಂದರೆ ವರ್ಷಕ್ಕೆ ಒಂದು ಲಕ್ಷ ಗಾಳಿಗೆ ಹೋಯಿತು. ಟಿ-ಜೆಟ್ ಆ ಪೆಟ್ಟನ್ನೆಲ್ಲ ಮೊದಲ ಮಾಲೀಕರ ಕೈಯಲ್ಲೇ ತಿಂದು ಮುಗಿಸಿದೆ. ಹಾಗಾಗಿ ಕಡಿಮೆ ಓಡಿಸುವವರಿಗೆ ಮೈಲೇಜಿನ ಭಯ ಅರ್ಧ ಸುಳ್ಳು. ದಿನಾ ಬಳ್ಳಾರಿಯಿಂದ ಸಿಂಧನೂರಿಗೆ ಹೋಗಿ ಬರುವವರಿಗೆ ಪೂರ್ತಿ ನಿಜ.

ಆದರೆ ಉಳಿದ ದುಡ್ಡು ನಿಮ್ಮದು ಅಂದುಕೊಳ್ಳಬೇಡಿ. ಕಾರಿಗೆ ಎರಡು ಲಕ್ಷ ಕೊಟ್ಟರೆ ಇನ್ನೊಂದು ಲಕ್ಷವನ್ನು ಪಕ್ಕಕ್ಕೆ ತೆಗೆದಿಡಿ. ಸಾಲ ಮಾಡಿ, ಇದ್ದಬದ್ದದ್ದನ್ನೆಲ್ಲ ಕೂಡಿಸಿ ತಗೊಳ್ಳುವ ಕಾರು ಇದಲ್ಲ.

ಸಾಮಾನಿನ ವಿಷಯದಲ್ಲಿ ಮೆಕ್ಯಾನಿಕ್ ಮಾತು ಅರ್ಧ ನಿಜ. ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. "ಸ್ವಿಫ್ಟಿಗೆ ಹಾಕಿದ್ದೂ ಫಿಯೆಟ್ ಎಂಜಿನ್ನೇ ಅಲ್ವಾ, ಸಾಮಾನು ಎಲ್ಲಾ ಕಡೆ ಸಿಗುತ್ತೆ" ಅಂತ ಮಾರುವವರು ಹೇಳುತ್ತಾರೆ. ಅದು 1.3 ಡೀಸೆಲ್ ಎಂಜಿನ್ನಿನ ಮಾತು. ಸ್ವಿಫ್ಟ್, ಇಂಡಿಕಾ ವಿಸ್ಟಾ, ಎರ್ಟಿಗಾ, ಬ್ರೆಝಾ ಎಲ್ಲದರಲ್ಲೂ ಅದು ಓಡಿದೆ, ನಿಜ. ಟಿ-ಜೆಟ್ ಬೇರೆ. ಅದರ ಟರ್ಬೊ, ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್, ಅದರ ಪೈಪುಗಳು ಕೌಲ್ ಬಜಾರಿನ ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ. ಆದರೆ ಬಾಡಿ, ದೀಪ, ಬಾಗಿಲ ಹಿಡಿ, ಸಸ್ಪೆನ್ಷನ್ನಿನ ಬಹುಪಾಲು ಸಾಮಾನು ಮಾಮೂಲಿ ಲೀನಿಯಾದ್ದೇ. ಕೆಲವಕ್ಕೆ ಫಿಯೆಟ್ಟಿನದೇ ಪುಂಟೊ ಕಾರಿನದ್ದೂ ಹೊಂದುತ್ತವೆ. ಟೈರ್ 205/55 ಆರ್16, ತೀರಾ ಸಾಮಾನ್ಯ ಅಳತೆ.

ಫಿಯೆಟ್ ಹೆಸರಿನ ಹೊಸ ಕಾರು 2020ರ ಏಪ್ರಿಲ್‌ನ ಬಿಎಸ್6 ಹೊಗೆ ನಿಯಮದ ನಂತರ ನಮ್ಮಲ್ಲಿ ಇಲ್ಲ. ಆದರೆ ಲೀನಿಯಾ ತಯಾರಾಗುತ್ತಿದ್ದ, ಪುಣೆ ಹತ್ತಿರದ ಅದೇ ರಂಜನ್‌ಗಾಂವ್ ಕಾರ್ಖಾನೆಯಲ್ಲಿ ಜೀಪ್ ಕಂಪಾಸ್ ತಯಾರಾಗುತ್ತದೆ. ಫಿಯೆಟ್ ಸಾಮಾನನ್ನು ಮೋಪಾರ್ ಹೆಸರಲ್ಲಿ ಜೀಪ್ ಕಂಪನಿಯ ಜಾಲದ ಮೂಲಕವೇ ತರಿಸಬೇಕು. ಇಲ್ಲದಿದ್ದರೆ ಕಾರಿನ ಸಾಮಾನಿನ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆ. ಅಲ್ಲಿ ಹುಡುಕಿ ಕೊಂಡರೆ ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಳ್ಳಾರಿಗೆ ಬರುತ್ತದೆ. ಹಾಗಾಗಿ ಸಾಮಾನು ಸಿಗುವುದಿಲ್ಲ ಅನ್ನುವುದಕ್ಕಿಂತ ಕಾಯಬೇಕು ಅನ್ನುವುದು ಸರಿ. ಕಾರು ವಾರಗಟ್ಟಲೆ ನಿಂತರೂ ನಡೆಯುತ್ತದೆ ಅನ್ನುವವರಿಗೆ ಮಾತ್ರ ಇದು. ಮನೆಯಲ್ಲಿ ಇನ್ನೊಂದು ಗಾಡಿ ಇರಲೇಬೇಕು.

ಇನ್ನು ಬಿಸಿಲು. ನಮ್ಮ ಕಡೆಯವರಿಗೆ ಇದೇ ದೊಡ್ಡ ವಿಷಯ. ಬೆಂಗಳೂರಿನವರು ಬರೆದ ಸಲಹೆ ಇಲ್ಲಿಗೆ ಸಾಲುವುದಿಲ್ಲ.

ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್-ಮೇ ತಿಂಗಳು 40 ಡಿಗ್ರಿ ದಾಟುವುದು ಹೊಸದೇನಲ್ಲ. ಎಂಜಿನ್ ಓಡುವುದು ಪೆಟ್ರೋಲ್ ಮತ್ತು ಗಾಳಿಯ ಮೇಲೆ. ಗಾಳಿ ಬಿಸಿಯಾದರೆ ತೆಳ್ಳಗಾಗುತ್ತದೆ. 25 ಡಿಗ್ರಿಯಲ್ಲಿ ಇರುವ ಗಾಳಿಗಿಂತ 42 ಡಿಗ್ರಿಯ ಗಾಳಿಯ ಸಾಂದ್ರತೆ ಐದು ಪರ್ಸೆಂಟಿನಷ್ಟು ಕಡಿಮೆ. ಇಷ್ಟೇ ಆಗಿದ್ದರೆ ಟರ್ಬೊ ಅದನ್ನು ತುಂಬಿಕೊಡುತ್ತಿತ್ತು, ಗಾಳಿಯನ್ನು ಒತ್ತಿ ತುಂಬುವುದೇ ಅದರ ಕೆಲಸ. ಎಂಜಿನ್ನಿನಿಂದ ಹೊರಬರುವ ಸುಡುಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಸೇರಿಸಿದ ಇನ್ನೊಂದು ಚಕ್ರ ಹೊಸ ಗಾಳಿಯನ್ನು ಒತ್ತುತ್ತದೆ. ನಿಮಿಷಕ್ಕೆ ಲಕ್ಷ ದಾಟಿದ ಸುತ್ತು.

ತೊಂದರೆ ಏನೆಂದರೆ ಗಾಳಿಯನ್ನು ಒತ್ತಿದರೆ ಅದು ಇನ್ನೂ ಕಾಯುತ್ತದೆ. ಸೈಕಲ್ ಪಂಪು ಹೊಡೆದವರಿಗೆ ಇದು ಗೊತ್ತು, ಪಂಪಿನ ಬುಡ ಬಿಸಿಯಾಗುತ್ತದೆ. 42 ಡಿಗ್ರಿಯ ಗಾಳಿ ಟರ್ಬೊ ಒಳಗೆ ಹೋಗಿ ಬರುವಾಗ, ಕಾಲು ಪೂರ್ತಿ ಒತ್ತಿದ್ದರೆ, 100 ಡಿಗ್ರಿ ದಾಟಿರುತ್ತದೆ. ಅಷ್ಟು ಬಿಸಿ ಗಾಳಿ ಸಿಲಿಂಡರಿಗೆ ಹೋದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ತಾನಾಗಿಯೇ ಸಿಡಿಯುತ್ತದೆ. ಅದಕ್ಕೆ ನಾಕಿಂಗ್ ಅನ್ನುತ್ತಾರೆ, ಪಿಸ್ಟನ್ನಿಗೆ ಸುತ್ತಿಗೆ ಪೆಟ್ಟು. ಅದನ್ನು ತಪ್ಪಿಸಲು ಟರ್ಬೊ ಮತ್ತು ಎಂಜಿನ್ ನಡುವೆ ಇಂಟರ್‌ಕೂಲರ್ ಇಟ್ಟಿರುತ್ತಾರೆ. ನೋಡಲು ರೇಡಿಯೇಟರ್ ತರಹವೇ, ಒಳಗೆ ನೀರಿನ ಬದಲು ಗಾಳಿ. ಹೊರಗಿನ ಗಾಳಿ ಬಡಿದು ಒಳಗಿನ ಗಾಳಿ ತಣಿಯುತ್ತದೆ. ಆದರೆ ಹೊರಗಿನ ಗಾಳಿಯೇ 42 ಡಿಗ್ರಿ ಇದ್ದರೆ ಅದಕ್ಕಿಂತ ಕೆಳಗೆ ತಣಿಸಲು ಸಾಧ್ಯವೇ ಇಲ್ಲ. ನಾಕಿಂಗ್ ಸೆನ್ಸರ್ ಸುಳಿವು ಕೊಟ್ಟ ಕೂಡಲೇ ಕಂಪ್ಯೂಟರ್ ಕಿಡಿ ಹಾರಿಸುವುದನ್ನು ಸ್ವಲ್ಪ ತಡ ಮಾಡುತ್ತದೆ, ಬಲ ಇಳಿಯುತ್ತದೆ. ಮೇ ಮಧ್ಯಾಹ್ನ ಟಿ-ಜೆಟ್ ಮೆತ್ತಗಾಗುತ್ತದೆ, ಬೆಳಗಿನ ಜಾವ ಹಾರುತ್ತದೆ. ಕಾರು ಕೆಟ್ಟಿಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ.

ಇದರಿಂದಲೇ ಒಂದು ಎಚ್ಚರಿಕೆ. "ರಿಮ್ಯಾಪ್ ಮಾಡಿಸಿದ್ದೀನಿ, ಸ್ಟೇಜ್ ಒನ್" ಅಂತ ಹೆಮ್ಮೆಯಿಂದ ಹೇಳುವವರ ಕಾರು ಬೇಡ. ರಿಮ್ಯಾಪ್ ಅಂದರೆ ಕಂಪ್ಯೂಟರಿನ ಲೆಕ್ಕ ಬದಲಿಸಿ ಟರ್ಬೊ ಒತ್ತಡ ಏರಿಸುವುದು. ಕಂಪನಿಯವರು ಬಿಸಿಲಿಗೆ ಅಂತ ಬಿಟ್ಟ ಅಂತರವನ್ನೇ ಅವರು ತಿಂದಿರುತ್ತಾರೆ. ಊಟಿಯಲ್ಲಿ ನಡೆದೀತು, ಸಿರುಗುಪ್ಪದಲ್ಲಿ ಬೇಡ.

ಎಂಜಿನ್ನನ್ನು ತಣಿಸುವ ನೀರಿನ ಕಥೆ ಇನ್ನೊಂದು. ನಮ್ಮ ಕಡೆ ಹಳೇ ಕಾರುಗಳನ್ನು ಕೊಂದದ್ದು ಬಿಸಿಲಿಗಿಂತ ಜಾಸ್ತಿ ಬೋರ್‌ವೆಲ್ ನೀರು. ಕೂಲೆಂಟ್ ಕಡಿಮೆಯಾಯಿತು ಅಂತ ದಾರಿಯಲ್ಲಿ ಯಾವುದೋ ಪಂಪ್‌ಸೆಟ್ಟಿನಲ್ಲಿ ಒಂದು ಬಾಟಲಿ ಹಿಡಿದು ಸುರಿಯುತ್ತಾರೆ. ಗಡಸು ನೀರಿನಲ್ಲಿ ಸುಣ್ಣದ ಲವಣ ಇರುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಇನ್ನೂ ಚೆನ್ನಾಗಿ ಕರಗುತ್ತದೆ. ಸುಣ್ಣ ಉಲ್ಟಾ, ನೀರು ಕಾದಷ್ಟೂ ಅದು ಬೇರ್ಪಟ್ಟು ಅಂಟಿಕೊಳ್ಳುತ್ತದೆ. ಹಾಗಾಗಿ ಎಂಜಿನ್ನಿನಲ್ಲಿ ಎಲ್ಲಿ ಅತಿ ಹೆಚ್ಚು ಬಿಸಿಯೋ ಅಲ್ಲೇ, ಅಂದರೆ ಎಲ್ಲಿ ತಣಿಸುವುದು ಅತಿ ಅಗತ್ಯವೋ ಅಲ್ಲೇ, ಬಿಳಿ ಪೊರೆ ಕಟ್ಟುತ್ತದೆ. ರೇಡಿಯೇಟರಿನ ಸಣ್ಣ ಕೊಳವೆಗಳೂ ಕಟ್ಟಿಕೊಳ್ಳುತ್ತವೆ. ಆಮೇಲೆ ಒಂದು ಮಧ್ಯಾಹ್ನ ಏಸಿ ಹಾಕಿಕೊಂಡು ರೈಲ್ವೆ ಗೇಟಿನಲ್ಲಿ ನಿಂತಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ. ಏಸಿಯ ಕಂಡೆನ್ಸರ್ ರೇಡಿಯೇಟರಿನ ಮುಂದೆಯೇ ಇರುವುದರಿಂದ, ಏಸಿ ಹಾಕಿದಾಗ ರೇಡಿಯೇಟರಿಗೆ ಹೋಗುವುದು ಮೊದಲೇ ಕಾದ ಗಾಳಿ. ಮುಳ್ಳು ಏರಿದರೆ ಮೊದಲು ಏಸಿ ಆರಿಸಿ, ಬದಿಗೆ ಹಾಕಿ ನಿಲ್ಲಿಸಿ. ಬಿಸಿ ಇರುವಾಗ ಮುಚ್ಚಳ ಮಾತ್ರ ತೆಗೆಯಬೇಡಿ. ಒಳಗಿನ ನೀರು ಒತ್ತಡದಲ್ಲಿ 100 ಡಿಗ್ರಿ ಮೀರಿಯೂ ಕುದಿಯದೆ ಕುಳಿತಿರುತ್ತದೆ. ಮುಚ್ಚಳ ಸಡಿಲಾದ ಕೂಡಲೇ ಒಟ್ಟಿಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಕಾರು ನೋಡಲು ಹೋದಾಗ ತಣ್ಣಗಿರುವ ಎಂಜಿನ್ನಿನ ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದು ನೋಡಿ. ಒಳಗೆ ಬಣ್ಣದ ತಿಳಿಯಾದ ದ್ರವ ಇದ್ದರೆ ಸರಿ. ಬಣ್ಣವೇ ಇಲ್ಲದ ನೀರು, ಅಂಚಿನಲ್ಲಿ ಸುಣ್ಣದ ಪುಡಿ, ತಳದಲ್ಲಿ ತುಕ್ಕಿನ ಕೆಸರು ಕಂಡರೆ ಬೆಲೆ ಮಾತಾಡುವ ಅಗತ್ಯವೇ ಇಲ್ಲ, ಬೈಕ್ ಹತ್ತಿ ಹೊರಡಿ. ಹಾಲು ಚಹಾದಂಥ ಬಣ್ಣ ಇದ್ದರಂತೂ ಆಯಿಲ್ ಮತ್ತು ನೀರು ಒಳಗೆ ಬೆರೆತಿವೆ ಎಂದೇ ಅರ್ಥ.

ಧೂಳಿನ ಮಾತು ಬೇಗ ಮುಗಿಸುತ್ತೇನೆ. ಸಂಡೂರು ಕಡೆ ಓಡಿದ ಕಾರಿನ ಏರ್ ಫಿಲ್ಟರ್ ಹೊರಗೆ ತೆಗೆದು ಬಡಿದರೆ ಕುಂಕುಮದಂಥ ಕೆಂಪು ಪುಡಿ ಉದುರುತ್ತದೆ. ಮಾಲೀಕರ ಪುಸ್ತಕದಲ್ಲಿ ಬರೆದ ಕಿಲೋಮೀಟರಿನ ಅರ್ಧಕ್ಕೇ ಅದನ್ನು ಬದಲಾಯಿಸಿ. ಫಿಲ್ಟರಿನಿಂದ ಟರ್ಬೊವರೆಗಿನ ಪೈಪಿನಲ್ಲಿ ಬಿರುಕು ಇದೆಯಾ ಅಂತ ಬೆರಳಾಡಿಸಿ ನೋಡಿ. ಅಲ್ಲಿಂದ ನುಗ್ಗಿದ ಅದಿರಿನ ಪುಡಿ ಟರ್ಬೊ ಚಕ್ರದ ಅಂಚನ್ನು ಸವೆಸುತ್ತದೆ.

ಟರ್ಬೊ ಜೀವ ಇರುವುದು ಆಯಿಲ್‌ನಲ್ಲಿ. ಲಕ್ಷ ಸುತ್ತು ಸುತ್ತುವ ದಂಡ ಆಯಿಲ್‌ನ ಒಂದು ತೆಳು ಪದರದ ಮೇಲೆ ತೇಲುತ್ತಿರುತ್ತದೆ. ಕುಷ್ಟಗಿಯಿಂದ ಹೊಸಪೇಟೆವರೆಗೆ ಹೈವೇಯಲ್ಲಿ ಜೋರಾಗಿ ಬಂದು ಡಾಬಾ ಮುಂದೆ ಫಟ್ಟನೆ ಆಫ್ ಮಾಡಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಟರ್ಬೊ ಮಾತ್ರ ಇನ್ನೂ ಕೆಂಡ. ನಿಂತ ಆಯಿಲ್ ಅಲ್ಲೇ ಸೀದು ಕರಿ ಕಟ್ಟುತ್ತದೆ. ಅದಕ್ಕೇ ಕೊನೆಯ ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಓಡಿಸಿ, ನಿಲ್ಲಿಸಿದ ಮೇಲೆ ಒಂದು ನಿಮಿಷ ಹಾಗೇ ಬಿಟ್ಟು ಆಫ್ ಮಾಡಿ. ಆಯಿಲ್ ಸಿಂಥೆಟಿಕ್ಕೇ ಇರಲಿ. ನಮ್ಮ ಬಿಸಿಲು, ಧೂಳಿಗೆ ಏಳೆಂಟು ಸಾವಿರ ಕಿಲೋಮೀಟರಿಗೆ ಬದಲಾಯಿಸುವುದು ಒಳ್ಳೆಯದು. ಟರ್ಬೊ ಹೋಗಿದೆಯಾ ಅಂತ ತಿಳಿಯಲು ದೊಡ್ಡ ವಿದ್ಯೆ ಬೇಡ. ಎಂಜಿನ್ ಬಿಸಿಯಾದ ಮೇಲೆ ಒಮ್ಮೆ ಜೋರಾಗಿ ರೇಸ್ ಮಾಡಿಸಿ ಹಿಂದೆ ನಿಂತು ನೋಡಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ.

ಟೈಮಿಂಗ್ ಬೆಲ್ಟ್ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ಈ ಎಂಜಿನ್ನಿಗೆ ಚೈನ್ ಇಲ್ಲ, ರಬ್ಬರ್ ಬೆಲ್ಟ್. ಪಿಸ್ಟನ್ ಮತ್ತು ವಾಲ್ವ್‌ಗಳನ್ನು ತಾಳ ತಪ್ಪದಂತೆ ಓಡಿಸುವುದು ಅದೇ. ಅದು ತುಂಡಾದರೆ ಪಿಸ್ಟನ್ ಮೇಲೆ ಬಂದು ವಾಲ್ವ್‌ಗೆ ಬಡಿಯುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ಆ ಖರ್ಚು ಕಾರಿನ ಬೆಲೆಗೇ ಹತ್ತಿರ ಹೋದೀತು. "ಗಾಡಿ ಓಡಿರೋದೇ 50 ಸಾವಿರ ಕಿಲೋಮೀಟರ್" ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ. ರಬ್ಬರ್ ನಿಂತಲ್ಲೇ ವಯಸ್ಸಾಗುತ್ತದೆ. ಬಿಲ್ ತೋರಿಸಿದರೆ ಬದಲಾಗಿದೆ, ಬಿಲ್ ಇಲ್ಲದಿದ್ದರೆ ಬದಲಾಗಿಲ್ಲ. ಕಾರು ತಂದ ವಾರದಲ್ಲೇ ಬೆಲ್ಟ್, ಅದನ್ನು ಬಿಗಿ ಹಿಡಿಯುವ ಟೆನ್ಷನರ್, ವಾಟರ್ ಪಂಪ್ ಮೂರನ್ನೂ ಒಟ್ಟಿಗೇ ಹಾಕಿಸಿಬಿಡಿ. ಇದೇ ಎಂಜಿನ್ ಬಿಚ್ಚಿ ಅನುಭವ ಇರುವ ಗ್ಯಾರೇಜಿನಲ್ಲೇ, ಅದಕ್ಕಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಾದರೂ ಸರಿ.

ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ. ಟರ್ಬೊ ಕಾರಿಗೆ ಇದರಿಂದ ಒಂದು ಲಾಭವೂ ಇದೆ, ಎಥನಾಲ್ ನಾಕಿಂಗ್ ತಡೆಯುತ್ತದೆ. ಆದರೆ ಅದರಲ್ಲಿ ಶಕ್ತಿ ಕಡಿಮೆ, ಒಂದು ಲೀಟರ್ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಹಳೇ ಕಾರುಗಳ ಮೈಲೇಜ್ ಆರೇಳು ಪರ್ಸೆಂಟ್ ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಇನ್ನೊಂದು, 2010ರ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಇಷ್ಟು ಎಥನಾಲಿಗೆ ಅಂತ ಮಾಡಿರಲಿಲ್ಲ. ತಿಂಗಳುಗಟ್ಟಲೆ ಟ್ಯಾಂಕ್ ತುಂಬಿಸಿ ಕಾರು ನಿಲ್ಲಿಸಬೇಡಿ. ಪೆಟ್ರೋಲ್ ವಾಸನೆ ಬಂದರೆ "ಹಳೇ ಗಾಡಿ, ಬರುತ್ತೆ ಬಿಡಿ" ಅಂತ ಸುಮ್ಮನಾಗಬೇಡಿ. ನಮ್ಮ ಬಿಸಿಲಲ್ಲಿ ಅದು ಬೆಂಕಿಯ ವಿಷಯ.

ಕಾಗದ ಪತ್ರಕ್ಕೆ ಬರೋಣ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. 2010ರ ಕಾರಿಗೆ 2025ಕ್ಕೇ ಅದು ಮುಗಿದಿದೆ. ಆಮೇಲೆ ಆರ್‌ಟಿಒದಲ್ಲಿ ಫಿಟ್‌ನೆಸ್ ತೋರಿಸಿ ಐದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು, ಹಸಿರು ತೆರಿಗೆ ಬೇರೆ. ನವೀಕರಣ ಮಾಡಿಸಿಯೇ ಕೊಡಿ ಅಂತ ಮಾರುವವರಿಗೆ ಹೇಳಿ. ಗಡಿ ಪಕ್ಕದಲ್ಲೇ ಇರುವುದರಿಂದ ಆಂಧ್ರ, ತೆಲಂಗಾಣ ನೋಂದಣಿಯ ಕಾರು ಬಳ್ಳಾರಿ, ರಾಯಚೂರಿನಲ್ಲಿ ಅಗ್ಗಕ್ಕೆ ಬರುತ್ತವೆ. ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ತಕರಾರಿಲ್ಲ ಅನ್ನುವ ಪತ್ರ, ತರಬೇಕು, ಇಲ್ಲಿ ಜೀವಾವಧಿ ತೆರಿಗೆ ಕಟ್ಟಬೇಕು, ಆಮೇಲೆ ಕೆಎ 34 ಅಥವಾ 36ರ ನಂಬರ್. ಅಷ್ಟೂ ಕೂಡಿಸಿದ ಮೇಲೂ ಅಗ್ಗವಾ ನೋಡಿ. ಹಳೇ ಸಾಲದ ಹೆಸರು ಆರ್‌ಸಿಯಲ್ಲಿ ಉಳಿದಿದ್ದರೆ ಸಾಲ ತೀರಿದೆ ಅನ್ನುವ ಬ್ಯಾಂಕಿನ ಪತ್ರ ಮತ್ತು ಆ ಹೆಸರು ತೆಗೆಸುವ ಫಾರಂ 35 ಇಲ್ಲದೆ ದುಡ್ಡು ಬಿಚ್ಚಬೇಡಿ.

ಇನ್ಶೂರೆನ್ಸಿನಲ್ಲಿ ಟಿ-ಜೆಟ್‌ಗೆ ಒಂದು ಸಣ್ಣ ಅದೃಷ್ಟ ಇದೆ. ಅದರ ಎಂಜಿನ್ 1,368 ಸಿಸಿ. 1,000 ದಾಟಿ 1,500 ಸಿಸಿ ಒಳಗಿನ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ 2022ರ ದರಪಟ್ಟಿಯಲ್ಲಿ 3,416 ರೂಪಾಯಿ ಇತ್ತು. 1,500 ದಾಟಿದರೆ 7,897. ಫಿಯೆಸ್ಟಾ 1.6, ಲಾರಾ ಎರಡೂ ಆ ದುಬಾರಿ ಸಾಲಿಗೆ ಬೀಳುತ್ತವೆ. ಆದರೆ ಇನ್ಶೂರೆನ್ಸ್ ಕಂಪನಿ ಕಾರಿಗೆ ಕಟ್ಟುವ ಬೆಲೆಯೇ ಕಡಿಮೆ ಇರುವುದರಿಂದ ಇನ್ನೊಂದು ಅಪಾಯ. ರಿಪೇರಿ ಖರ್ಚು ಆ ಬೆಲೆಯ 75 ಪರ್ಸೆಂಟ್ ದಾಟಿದರೆ ಕಂಪನಿ ಕಾರನ್ನೇ ಪೂರ್ತಿ ನಷ್ಟ ಅಂತ ಬರೆದುಹಾಕುತ್ತದೆ. ಎಮ್ಮೆಗೆ ಗುದ್ದಿ ಬಂಪರ್, ದೀಪ, ಇಂಟರ್‌ಕೂಲರ್, ರೇಡಿಯೇಟರ್ ಹೋದರೆ ಸಾಕು, ಆ ಮಟ್ಟಕ್ಕೆ ಮುಟ್ಟಬಹುದು.

ಕೊನೆಗೆ ನೋಡಲು ಹೋಗುವ ಹೊತ್ತು. ಎರಡು ಸಲ ಹೋಗಿ. ಮೊದಲ ಸಲ ಬೆಳಿಗ್ಗೆ ಬೇಗ, ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ ಅಂತ ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ. ಎರಡನೇ ಸಲ ಮಧ್ಯಾಹ್ನ ಎರಡರ ಬಿಸಿಲಿಗೆ. ಹೈವೇಯಲ್ಲಿ ಒಂದಷ್ಟು ದೂರ ಜೋರಾಗಿ ಓಡಿಸಿ ಬಂದು, ಏಸಿ ಹಾಕಿ ಅಲ್ಲೇ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಡಿ. ಫ್ಯಾನ್ ತಿರುಗಬೇಕು, ನಿಲ್ಲಬೇಕು, ಮತ್ತೆ ತಿರುಗಬೇಕು. ಮುಳ್ಳು ಮಧ್ಯದಲ್ಲೇ ಇರಬೇಕು. ಆ ಹೊತ್ತಿನಲ್ಲಿ ಟೈರಿನ ಪಕ್ಕದ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರ ಮಾಡಿದ್ದು. ಆರು ವರ್ಷ ದಾಟಿದ ಟೈರಿಗೆ ಎಷ್ಟೇ ಗ್ರಿಪ್ ಉಳಿದಿದ್ದರೂ ನಾಲ್ಕರ ದುಡ್ಡನ್ನೂ ಬೆಲೆಯಲ್ಲಿ ಮುರಿಯಿರಿ. ಇಷ್ಟಾದ ಮೇಲೂ ಮುಳ್ಳು ಅಲ್ಲಾಡದಿದ್ದರೆ, ಬೆಲ್ಟಿನ ಬಿಲ್ ಕೈಗೆ ಬಂದಿದ್ದರೆ, ಅಡ್ವಾನ್ಸ್ ಕೊಡಿ.